ಮರ್ಫಿಯಿಂದ ಆಫೀಸಿಗೆ: ದಾರಿಖರ್ಚಿನ ಒಂದು ಚರಿತ್ರೆ

ಟೆಕ್ಸಸ್ ರಾಜ್ಯದ ಡಾಲಸ್ ನಗರದಿಂದ ಈಶಾನ್ಯಕ್ಕೆ ಹೋದರೆ ಕಾಲಿನ್ ಕೌಂಟಿಯಲ್ಲಿ ಮರ್ಫಿ ಎಂಬ ಊರು ಸಿಗುತ್ತದೆ. 1990ರಲ್ಲಿ ಅಲ್ಲಿದ್ದವರು 1,547 ಜನ. 2000ದಲ್ಲಿ 3,099. ಮುಂದಿನ ಹತ್ತೇ ವರ್ಷದಲ್ಲಿ 17,708. 2020ರ ಜನಗಣತಿಯಲ್ಲಿ 21,013. ಅಲ್ಲಿನ ನೆಲ ಗದಗ, ನವಲಗುಂದದ ಕಡೆಯವರು ನೋಡಿದ ಕೂಡಲೇ ಗುರುತು ಹಿಡಿಯುವಂಥ ಎರೆಮಣ್ಣು. ಹತ್ತಿ ಬೆಳೆಯುತ್ತಿದ್ದ ಆ ಹೊಲಗಳು ಒಂದೇ ತಲೆಮಾರಿನಲ್ಲಿ ಇಟ್ಟಿಗೆ ಮನೆಗಳ ಬಡಾವಣೆಗಳಾದವು. ಹೀಗೆ ಬಂದು ನೆಲೆಸಿದವರಲ್ಲಿ ಭಾರತದವರ ಪಾಲು ದೊಡ್ಡದು. ಅವರಲ್ಲಿ ಕನ್ನಡದ ಮನೆಗಳೂ ಇವೆ.

ಮನೆ ಮರ್ಫಿಯಲ್ಲಿ, ಕೆಲಸ ಮಾತ್ರ ಬೇರೆಡೆ. ರಿಚರ್ಡ್‌ಸನ್‌ನ ಟೆಲಿಕಾಂ ಕಾರಿಡಾರ್, ಪ್ಲೇನೋದ ಲೆಗಸಿ, ಅರ್ವಿಂಗ್‌ನ ಲಾಸ್ ಕೊಲಿನಾಸ್, ಡಾಲಸ್‌ನ ಡೌನ್‌ಟೌನ್: ಎಲ್ಲಿಗೆ ಹೋಗಬೇಕಾದರೂ ಕಾರು ಬೇಕು. ಡಾಲಸ್ ಸುತ್ತಲಿನ ಸಾರಿಗೆ ಸಂಸ್ಥೆಯಾದ ಡಾರ್ಟ್‌ನಲ್ಲಿ ಹಲವು ಊರುಗಳು ಸದಸ್ಯರಾಗಿವೆ; ಮರ್ಫಿ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಪೆಟ್ರೋಲ್ ಬಂಕಿನ ಬೋರ್ಡಿನಲ್ಲಿ ದರ ಏರಿದಾಗಲೆಲ್ಲ ಅಲ್ಲಿನ ಊಟದ ಮೇಜಿನ ಮೇಲೆ ಒಂದೇ ಮಾತು ಬರುತ್ತದೆ: ‘ಈ ಗಾಡಿ ತುಂಬಾ ಕುಡಿಯುತ್ತೆ, ಇದನ್ನ ಕೊಟ್ಟು ಬೇರೆ ತಗೊಂಡ್ರೆ ಹೇಗೆ?’

ಪ್ರಶ್ನೆ ಮನೆಯದಾದರೂ ಅದು ಹುಟ್ಟಿದ್ದು ಮನೆಯಲ್ಲಲ್ಲ. ಮರ್ಫಿಯವರ ಮುಂದೆ ಇವತ್ತು ‘ಯಾವ ಕಾರು’ ಎಂಬುದೊಂದೇ ಆಯ್ಕೆ ಉಳಿದಿದ್ದರೆ, ಅದಕ್ಕೆ ಹಿಂದಿನ ಸುಮಾರು ನೂರೈವತ್ತು ವರ್ಷಗಳಲ್ಲಿ ರೈಲು ಕಂಪನಿಗಳು, ರಸ್ತೆಯ ಕಾನೂನುಗಳು, ಎಣ್ಣೆಯ ಬಾವಿಗಳು ಸೇರಿ ಮಾಡಿದ ತೀರ್ಮಾನಗಳೇ ಕಾರಣ. ಆ ಕತೆಯನ್ನು ತಿಳಿದು ಲೆಕ್ಕಕ್ಕೆ ಕೂತರೆ ಲೆಕ್ಕದ ರೀತಿಯೇ ಬೇರೆಯಾಗುತ್ತದೆ.

ಮರ್ಫಿಗೆ ಹೆಸರು ಬಂದದ್ದೇ ರೈಲಿನಿಂದ. ಮೊದಲು ಅದು ಹಳ್ಳದ ಪಕ್ಕದ ಒಂದು ಚಿಕ್ಕ ನೆಲೆ. ಮ್ಯಾಕ್ಸ್‌ವೆಲ್ಸ್ ಬ್ರಾಂಚ್, ಓಲ್ಡ್ ಡೆಕೇಟರ್ ಎಂದು ಕರೆಯುತ್ತಿದ್ದರು. 1888ರಲ್ಲಿ ಸೇಂಟ್ ಲೂಯಿಸ್ ಸೌತ್‌ವೆಸ್ಟರ್ನ್ ಕಂಪನಿ ಆ ದಾರಿಯಲ್ಲಿ ಹಳಿ ಹಾಕಿತು. ವಿಲಿಯಂ ಮರ್ಫಿ ಎಂಬವರು ಊರು ಕಟ್ಟುವುದಕ್ಕೂ ನಿಲ್ದಾಣಕ್ಕೂ ಜಾಗ ಕೊಟ್ಟರು. ಊರಿಗೆ ಅವರ ಹೆಸರೇ ನಿಂತಿತು. ಜನ ಆ ರೈಲನ್ನು ‘ಕಾಟನ್ ಬೆಲ್ಟ್’ ಎನ್ನುತ್ತಿದ್ದರು. ಹೊಲದ ಹತ್ತಿ ನಿಲ್ದಾಣಕ್ಕೆ ಬಂದು ರೈಲು ಹತ್ತಿದರೆ ಸಾಕು, ಮುಂದಿನದು ಕಂಪನಿಯ ಹೊಣೆ. ರೈತನಿಗೆ ದಿನಾ ಊರು ಬಿಟ್ಟು ಹೋಗುವ ಅಗತ್ಯವಿರಲಿಲ್ಲ. ಅವನ ದುಡಿಮೆ ಮನೆಯ ಬಾಗಿಲಲ್ಲೇ ಇತ್ತು.

ಪಶ್ಚಿಮಕ್ಕೆ ಕೆಲವೇ ಮೈಲಿ ದೂರದ ಪ್ಲೇನೋದಲ್ಲಿ ಪರಿಸ್ಥಿತಿ ಇನ್ನೂ ಚೆನ್ನಾಗಿತ್ತು. 1872ರಲ್ಲಿ ಡಾಲಸ್ ಮುಟ್ಟಿದ ಹ್ಯೂಸ್ಟನ್ ಅಂಡ್ ಟೆಕ್ಸಸ್ ಸೆಂಟ್ರಲ್ ರೈಲು ಅದೇ ವರ್ಷಗಳಲ್ಲಿ ಪ್ಲೇನೋ ಹಾದು ಉತ್ತರಕ್ಕೆ ಮುಂದುವರಿಯಿತು. 1908ರಲ್ಲಿ ಅದರ ಜೊತೆಗೆ ವಿದ್ಯುತ್ ರೈಲೂ ಬಂತು. ಡಾಲಸ್‌ನಿಂದ ರಿಚರ್ಡ್‌ಸನ್, ಪ್ಲೇನೋ, ಮೆಕಿನಿ ದಾಟಿ ಶರ್ಮನ್‌ವರೆಗೆ ಓಡುತ್ತಿದ್ದ ಆ ಸೇವೆಗೆ ಜನರ ಬಾಯಲ್ಲಿ ‘ಇಂಟರ್‌ಅರ್ಬನ್’ ಎಂದೇ ಹೆಸರು. 1917ರಲ್ಲಿ ಅದು ದಕ್ಷಿಣದ ವೇಕೋ ಮಾರ್ಗದೊಡನೆ ಸೇರಿ ಟೆಕ್ಸಸ್ ಎಲೆಕ್ಟ್ರಿಕ್ ರೈಲ್ವೆ ಆಯಿತು. ಪ್ಲೇನೋದಿಂದ ಡಾಲಸ್‌ಗೆ ಕೆಲಸಕ್ಕೆ, ಕಾಲೇಜಿಗೆ, ಸಂತೆಗೆ ಹೋಗುವವರು ಸ್ವಂತ ಗಾಡಿ ಇಲ್ಲದೆಯೇ ಹೋಗಿ ಸಂಜೆ ಮನೆ ಸೇರಬಹುದಿತ್ತು. ಹೀಗೆ ನಾಲ್ಕು ದಶಕ ನಡೆಯಿತು. 1948ರ ಡಿಸೆಂಬರ್ 31ರಂದು ಕೊನೆಯ ಗಾಡಿ ಓಡಿತು. ಪ್ಲೇನೋದಲ್ಲಿದ್ದ ಅದರ ನಿಲ್ದಾಣ ಈಗ ವಸ್ತುಸಂಗ್ರಹಾಲಯ.

ಆ 1948 ಎಂಬ ವರ್ಷವನ್ನು ಗಮನಿಸಬೇಕು. ಅದೇ ವರ್ಷ ಹ್ಯೂಸ್ಟನ್ನಿನಲ್ಲಿ ಗಲ್ಫ್ ಫ್ರೀವೇ ತೆರೆಯಿತು. ಟೆಕ್ಸಸ್‌ನ ಮೊದಲ ಫ್ರೀವೇ ಅದು. ಮರುವರ್ಷ ಡಾಲಸ್‌ನಲ್ಲಿ ಸೆಂಟ್ರಲ್ ಎಕ್ಸ್‌ಪ್ರೆಸ್‌ವೇಯ ಮೊದಲ ಭಾಗ ಸಂಚಾರಕ್ಕೆ ಸಿಕ್ಕಿತು. ಹ್ಯೂಸ್ಟನ್ ಅಂಡ್ ಟೆಕ್ಸಸ್ ಸೆಂಟ್ರಲ್ ರೈಲಿನ ಹಳಿ ಹಾದುಹೋಗಿದ್ದ ಜಾಗದಲ್ಲೇ ಆ ರಸ್ತೆ ಕಟ್ಟಿದ್ದು. ಅದೇ 1949ರಲ್ಲಿ ಟೆಕ್ಸಸ್ ಶಾಸನಸಭೆ ಕೋಲ್ಸನ್–ಬ್ರಿಸ್ಕೋ ಕಾಯ್ದೆ ತಂದು, ಹೊಲದಿಂದ ಪೇಟೆಗೆ ಹೋಗುವ ರಸ್ತೆಗಳಿಗೆ ವರ್ಷಕ್ಕೆ ಒಂದೂವರೆ ಕೋಟಿ ಡಾಲರ್ ಎತ್ತಿಟ್ಟಿತು. ರಾಜ್ಯದಲ್ಲಿ ಎಫ್‌ಎಂ ಎಂಬ ಅಕ್ಷರಗಳಿಂದ ಶುರುವಾಗುವ ರಸ್ತೆಗಳೆಲ್ಲ ಆ ಬಗೆಯವು. ಮರ್ಫಿಯ ಮುಖ್ಯ ಬೀದಿಯಾದ ಎಫ್‌ಎಂ 544 ಕೂಡ ಅದೇ ಬಗೆಯದು. ಹತ್ತಿ, ಹಾಲು ಸಾಗಿಸಲು ಹಾಕಿದ ರಸ್ತೆಯಲ್ಲಿ ಇವತ್ತು ಬೆಳಗಿನ ಎಂಟು ಗಂಟೆಗೆ ಲ್ಯಾಪ್‌ಟಾಪ್ ಬ್ಯಾಗಿನ ಸಾಲು ಸಿಗ್ನಲ್ಲಿಗಾಗಿ ಕಾಯುತ್ತದೆ.

ಎರಡೇ ವರ್ಷಗಳ ಒಳಗೆ ಒಂದು ಕಡೆ ರೈಲು ನಿಂತಿತು, ಇನ್ನೊಂದು ಕಡೆ ರಸ್ತೆಗೆ ಕಾಯಂ ಹಣ ಬಂತು. ‘ಹೇಗೆ ಹೋಗೋಣ?’ ಎಂಬ ಪ್ರಶ್ನೆ ಮುಗಿದು ‘ಯಾವುದರಲ್ಲಿ ಹೋಗೋಣ?’ ಎಂಬುದಷ್ಟೇ ಉಳಿದ ಕಾಲ ಅದು.

ಅದು ಆಗ ಯಾರಿಗೂ ಹೊರೆ ಅನ್ನಿಸಲಿಲ್ಲ. ಪೆಟ್ರೋಲ್ ಅಷ್ಟು ಅಗ್ಗ. 1901ರ ಜನವರಿ 10ರಂದು ಬೋಮಾಂಟ್ ಬಳಿಯ ಸ್ಪಿಂಡಲ್‌ಟಾಪ್‌ನಲ್ಲಿ ಎಣ್ಣೆ ಚಿಮ್ಮಿದ ದಿನದಿಂದ ಟೆಕ್ಸಸ್‌ನ ಭಾಗ್ಯವೇ ತಿರುಗಿತು. 1930ರಲ್ಲಿ ಪೂರ್ವ ಟೆಕ್ಸಸ್‌ನ ಮಹಾ ಎಣ್ಣೆಕ್ಷೇತ್ರ ಸಿಕ್ಕ ಮೇಲೆ ಎಣ್ಣೆ ಎಷ್ಟು ಉಕ್ಕಿತೆಂದರೆ ದರ ಪೂರ್ತಿ ಬೀಳದಂತೆ ತಡೆಯಲು ಬಾವಿಗಳಿಗೆ ಮಿತಿ ಹಾಕಬೇಕಾಯಿತು. ಆ ಮಿತಿಯನ್ನು ತೀರ್ಮಾನಿಸುತ್ತಿದ್ದದ್ದು ಟೆಕ್ಸಸ್ ರೈಲ್‌ರೋಡ್ ಕಮಿಷನ್. ಬೇಡಿಕೆ ಹೆಚ್ಚಿದರೆ ಅವರು ನಲ್ಲಿ ಸ್ವಲ್ಪ ಸಡಿಲಿಸುತ್ತಿದ್ದರು, ದರ ನಿಲ್ಲುತ್ತಿತ್ತು. 1972ರ ವಸಂತದಲ್ಲಿ ಕಮಿಷನ್ ಮಿತಿಯನ್ನು ನೂರಕ್ಕೆ ನೂರು ಮಾಡಿತು: ಹೊಡೆಯುವಷ್ಟು ಹೊಡೆಯಿರಿ, ಇನ್ನು ಸಡಿಲಿಸಲು ಏನೂ ಉಳಿದಿಲ್ಲ. ಮರುವರ್ಷ ಅಕ್ಟೋಬರಿನಲ್ಲಿ ಅರಬ್ ದೇಶಗಳು ಅಮೆರಿಕಕ್ಕೆ ಎಣ್ಣೆ ನಿಲ್ಲಿಸಿದಾಗ ದರವನ್ನು ಹಿಡಿದು ನಿಲ್ಲಿಸುವ ಶಕ್ತಿ ಟೆಕ್ಸಸ್‌ಗೆ ಇರಲಿಲ್ಲ.

ದಾರಿಖರ್ಚು ಉಳಿಸಲು ಕಾರು ಬದಲಿಸಬೇಕೆ ಎಂಬ ಪ್ರಶ್ನೆ ದೇಶದ ಪ್ರಶ್ನೆಯಾದದ್ದು ಆಗಲೇ. 1974ರ ಜನವರಿಯಲ್ಲಿ ದೇಶದಾದ್ಯಂತ ಗಂಟೆಗೆ 55 ಮೈಲಿಯ ವೇಗಮಿತಿ ಬಂತು. ಆಗಿನ ಹೊಸ ಕಾರುಗಳು ಸರಾಸರಿ ಗ್ಯಾಲನ್ನಿಗೆ ಸುಮಾರು 13 ಮೈಲಿ ಓಡುತ್ತಿದ್ದವು. ನಮ್ಮ ಲೆಕ್ಕದಲ್ಲಿ ಲೀಟರಿಗೆ ಐದೂವರೆ ಕಿಲೋಮೀಟರ್. 1975ರ ಡಿಸೆಂಬರಿನ ಕಾನೂನು 1985ರೊಳಗೆ ಕಂಪನಿಗಳ ಕಾರುಗಳ ಸರಾಸರಿ 27.5 ಮೈಲಿ ಆಗಲೇಬೇಕೆಂದು ಗುರಿ ಇಟ್ಟಿತು. ಹೋಂಡಾ ಸಿವಿಕ್, ಟೊಯೊಟಾ ಕೊರೊಲಾದಂಥ ಚಿಕ್ಕ ಜಪಾನಿ ಕಾರುಗಳು ಅಮೆರಿಕದ ಮನೆಗಳೊಳಗೆ ಬಂದದ್ದು ಈ ಹೊತ್ತಿನಲ್ಲಿ. 1979ರ ಇರಾನ್ ಕ್ರಾಂತಿ ಅವಕ್ಕೆ ಇನ್ನಷ್ಟು ಗಿರಾಕಿಗಳನ್ನು ತಂದಿತು.

ಭಾರತದಿಂದ ಬಂದ ಎಂಜಿನಿಯರುಗಳ ಮೊದಲ ತಲೆಮಾರು ಟೆಕ್ಸಸ್‌ನಲ್ಲಿ ಕಾರು ಕಲಿತದ್ದೂ ಇದೇ ಕಾಲದಲ್ಲಿ. 1965ರ ವಲಸೆ ಕಾನೂನು ಬಾಗಿಲು ತೆರೆದಿತ್ತು. ಜ್ಯಾಕ್ ಕಿಲ್ಬಿ 1958ರಲ್ಲಿ ಇಂಟಿಗ್ರೇಟೆಡ್ ಸರ್ಕ್ಯೂಟ್ ಮಾಡಿ ತೋರಿಸಿದ್ದ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಡಾಲಸ್‌ನಲ್ಲಿತ್ತು. ಅದರ ಸ್ಥಾಪಕರ ಆಸ್ಥೆಯಿಂದ ಬೆಳೆದ ಸಂಶೋಧನಾ ಕೇಂದ್ರ 1969ರಲ್ಲಿ ಡಾಲಸ್‌ನ ಟೆಕ್ಸಸ್ ವಿಶ್ವವಿದ್ಯಾಲಯವಾಗಿ ರಿಚರ್ಡ್‌ಸನ್‌ನಲ್ಲಿ ನೆಲೆಗೊಂಡಿತು. ‘ಎಷ್ಟು ಮೈಲೇಜ್ ಕೊಡುತ್ತೆ?’ ಎಂಬುದು ಸ್ಕೂಟರ್ ಕಾಲದಿಂದ ಕನ್ನಡಿಗರು ಗಾಡಿಗೆ ಕೇಳುವ ಮೊದಲ ಪ್ರಶ್ನೆ. ಆ ಪ್ರಶ್ನೆ ಹೊತ್ತು ಬಂದವರಿಗೆ ಸೆಕೆಂಡ್ ಹ್ಯಾಂಡ್ ಕೊರೊಲಾ, ಕ್ಯಾಮ್ರಿ, ಅಕಾರ್ಡ್ ಹೇಳಿ ಮಾಡಿಸಿದ ಗಾಡಿಗಳಾದವು. ಹೊಸದಾಗಿ ಬಂದ ಹುಡುಗನಿಗೆ ಮೊದಲು ಬಂದವರು ಕೊಡುವ ಬುದ್ಧಿಮಾತಿನಲ್ಲಿ ಇವತ್ತಿಗೂ ಇವೇ ಹೆಸರುಗಳು.

ಟೆಕ್ಸಸ್‌ನಲ್ಲಿ ಅಗ್ಗದ ಪೆಟ್ರೋಲ್ ಬರೀ ಸಂತೋಷದ ಸುದ್ದಿ ಆಗಿರುವುದಿಲ್ಲ. 1986ರಲ್ಲಿ ಕಚ್ಚಾ ಎಣ್ಣೆಯ ದರ ಕುಸಿದಾಗ ಹ್ಯೂಸ್ಟನ್ನಿನಲ್ಲಿ ಕೆಲಸಗಳು ಹೋದವು, ಡಾಲಸ್‌ನ ದೊಡ್ಡ ಬ್ಯಾಂಕುಗಳು ಮುಳುಗಿದವು, ಕಟ್ಟಿದ ಮನೆಗಳು ಮಾರಾಟವಾಗದೆ ನಿಂತವು. 2020ರ ಏಪ್ರಿಲ್ 20ರಂದು ಟೆಕ್ಸಸ್ ಕಚ್ಚಾ ಎಣ್ಣೆಯ ವಾಯಿದೆ ದರ ಸೊನ್ನೆಗಿಂತ ಕೆಳಗಿಳಿದು ಮೈನಸ್ 37.63 ಡಾಲರಿಗೆ ಮುಟ್ಟಿದ ದಿನ ಹ್ಯೂಸ್ಟನ್ನಿನ ಪಶ್ಚಿಮದ ಎಣ್ಣೆ ಕಂಪನಿಗಳಲ್ಲಿ ದುಡಿಯುವ ಕನ್ನಡ ಮನೆಗಳು ಆತಂಕದಲ್ಲಿದ್ದವು. ಡಾಲಸ್‌ನ ಸಾಫ್ಟ್‌ವೇರ್ ಮನೆಗೆ ಲಾಭವಾದದ್ದು ಹ್ಯೂಸ್ಟನ್ನಿನ ನೆಂಟರ ಮನೆಗೆ ನಷ್ಟವಾಗುವ ರಾಜ್ಯ ಇದು.

ದರ ಇಳಿದಾಗಲೆಲ್ಲ ಗಾಡಿಗಳು ದೊಡ್ಡವಾದವು. ಕಾರುಗಳಿಗೆ ಹಾಕಿದಷ್ಟು ಬಿಗಿಯಾದ ಮೈಲೇಜ್ ನಿಯಮ ಪಿಕಪ್, ಎಸ್‌ಯುವಿಗಳಿಗೆ ಇರಲಿಲ್ಲ. ಡಾಲಸ್ ಮತ್ತು ಫೋರ್ಟ್ ವರ್ತ್ ನಡುವಿನ ಆರ್ಲಿಂಗ್ಟನ್‌ನಲ್ಲಿ 1954ರಿಂದ ನಡೆಯುತ್ತಿರುವ ಜನರಲ್ ಮೋಟರ್ಸ್ ಕಾರ್ಖಾನೆಯೇ ಇದಕ್ಕೆ ಸಾಕ್ಷಿ. 1990ರ ದಶಕದ ಕೊನೆಗೆ ಅದು ಕಾರುಗಳನ್ನು ಬಿಟ್ಟು ಟಾಹೋ, ಸಬರ್ಬನ್‌ಗಳಂಥ ಭಾರಿ ಗಾಡಿಗಳಿಗೆ ತಿರುಗಿತು. ಮರ್ಫಿ ಬೆಳೆಯತೊಡಗಿದ್ದೂ ಆಗಲೇ. ಟೆಲಿಕಾಂ ಕಾರಿಡಾರಿನಲ್ಲಿ ನಾರ್ಟೆಲ್, ಎರಿಕ್ಸನ್, ಎಂಸಿಐ ಮುಂತಾದ ಕಂಪನಿಗಳಿದ್ದವು. ಹತ್ತಿರದ ಪ್ಲೇನೋದಲ್ಲಿ ಮನೆ ದುಬಾರಿಯಾದಂತೆ ಜನ ಪೂರ್ವಕ್ಕೆ ಸರಿದರು. ಮರ್ಫಿಯ ಮನೆಗಳಲ್ಲಿ ಕೆಲವು ಪ್ಲೇನೋ ಶಾಲಾ ಜಿಲ್ಲೆಗೆ, ಕೆಲವು ವೈಲಿ ಜಿಲ್ಲೆಗೆ ಸೇರುತ್ತವೆ; ಮಕ್ಕಳ ಶಾಲೆ ನೋಡಿ ಮನೆ ಕೊಳ್ಳುವ ಭಾರತೀಯರಿಗೆ ಅದು ಒಪ್ಪಿತು. 2001ರಲ್ಲಿ ಟೆಲಿಕಾಂ ಕುಸಿದಾಗ ಮನೆ ಮರ್ಫಿಯಲ್ಲೇ ಉಳಿಯಿತು, ಹೊಸ ಕೆಲಸ ಮಾತ್ರ ಎಲ್ಲಿ ಸಿಕ್ಕಿತೋ ಅಲ್ಲಿ. ಹತ್ತು ಮೈಲಿಯ ದಾರಿ ಇಪ್ಪತ್ತೈದಾಯಿತು. ದಾರಿಖರ್ಚು ಹೆಚ್ಚಲು ಹಳೇ ಗಾಡಿಯಷ್ಟೇ ಕಾರಣವಲ್ಲ ಎಂಬುದು ಇಂಥ ಮನೆಗಳ ಅನುಭವದಲ್ಲಿ ಕಾಣುತ್ತದೆ.

2008ರ ಜುಲೈಯಲ್ಲಿ ದೇಶದ ಸರಾಸರಿ ದರ ಗ್ಯಾಲನ್ನಿಗೆ 4.11 ಡಾಲರ್ ಮುಟ್ಟಿತು. ಮರುವರ್ಷ ಬೇಸಿಗೆಯಲ್ಲಿ ಕೇಂದ್ರ ಸರ್ಕಾರವೇ ಹಳೇ ಗಾಡಿ ಬದಲಿಸಲು ದುಡ್ಡು ಕೊಡಲು ನಿಂತಿತು. ‘ಕ್ಯಾಶ್ ಫಾರ್ ಕ್ಲಂಕರ್ಸ್’ ಎಂದು ಹೆಸರಾದ ಆ ಯೋಜನೆಯಲ್ಲಿ ಹೆಚ್ಚು ಪೆಟ್ರೋಲ್ ಕುಡಿಯುವ ಗಾಡಿ ಕೊಟ್ಟು ಹೊಸದು ಕೊಂಡವರಿಗೆ 3,500 ಇಲ್ಲವೇ 4,500 ಡಾಲರ್ ಸಿಗುತ್ತಿತ್ತು. ಅದಕ್ಕೊಂದು ಶರತ್ತು: ಹಳೇ ಗಾಡಿಯ ಎಂಜಿನ್ ಮತ್ತೆಂದೂ ಓಡಬಾರದು. ಡೀಲರಿನ ಹಿತ್ತಲಲ್ಲಿ ಆ ಕೆಲಸ ನಡೆಯುತ್ತಿತ್ತು. ಎಂಜಿನ್ ಆಯಿಲ್ ಪೂರ್ತಿ ಇಳಿಸುತ್ತಾರೆ. ಅದರ ಜಾಗಕ್ಕೆ ಸೋಡಿಯಂ ಸಿಲಿಕೇಟ್ ದ್ರಾವಣ ಸುರಿಯುತ್ತಾರೆ. ಗಾಡಿ ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿ ಹಿಡಿಯುತ್ತಾರೆ. ಬಿಸಿಗೆ ನೀರು ಆರಿ, ಉಳಿದ ಗಾಜಿನಂಥ ವಸ್ತು ಬೇರಿಂಗುಗಳನ್ನು ಕಚ್ಚಿ ಹಿಡಿಯುತ್ತದೆ. ಕೆಲವೇ ನಿಮಿಷದಲ್ಲಿ ಎಂಜಿನ್ ಕರಕರ ಎಂದು ಬಿಗಿದು ನಿಲ್ಲುತ್ತದೆ. ಇನ್ನೂ ಐವತ್ತು ಸಾವಿರ ಮೈಲಿ ಓಡಬಹುದಾಗಿದ್ದ ಎಂಜಿನ್ನುಗಳೂ ಹೀಗೆ ಹೋದವು.

ಮುನ್ನೂರು ಕೋಟಿ ಡಾಲರ್ ಖರ್ಚಾಗಿ ಸುಮಾರು ಆರೂಮುಕ್ಕಾಲು ಲಕ್ಷ ಗಾಡಿಗಳು ಬದಲಾದವು. ಕೊಟ್ಟ ಗಾಡಿಗಳ ಸರಾಸರಿ ಮೈಲೇಜ್ 15.8, ಕೊಂಡ ಗಾಡಿಗಳದ್ದು 24.9. ಅತಿ ಹೆಚ್ಚು ಹಿಂತಿರುಗಿ ಬಂದದ್ದು ಫೋರ್ಡ್ ಎಕ್ಸ್‌ಪ್ಲೋರರ್, ಅತಿ ಹೆಚ್ಚು ಮಾರಾಟವಾದದ್ದು ಕೊರೊಲಾ. ಅರ್ಥಶಾಸ್ತ್ರಜ್ಞರಾದ ಅತೀಫ್ ಮಿಯಾನ್ ಮತ್ತು ಅಮೀರ್ ಸೂಫಿ ಆಮೇಲೆ ಪರಿಶೀಲಿಸಿದಾಗ, ಹೇಗೂ ಮುಂದಿನ ಕೆಲವು ತಿಂಗಳಲ್ಲಿ ಆಗಬೇಕಿದ್ದ ಕೊಳ್ಳುವಿಕೆಯೇ ಮುಂಚೆ ಆಗಿತ್ತೆಂದು ಕಂಡುಬಂತು. ಇನ್ನೊಂದು ಪರಿಣಾಮ ಹೊಸದಾಗಿ ಬಂದ ವಲಸಿಗರ ಮೇಲೆ ಬಿದ್ದಿತು: ಒಂದೆರಡು ಸಾವಿರ ಡಾಲರಿಗೆ ಸಿಗುತ್ತಿದ್ದ ಹಳೇ ಗಾಡಿಗಳು ಲಕ್ಷಗಟ್ಟಲೆ ಗುಜರಿ ಸೇರಿದವು.

ಕಾರು ಬದಲಿಸುವವರಿಗೆ ನಿಜವಾಗಿ ಉಪಯೋಗವಾಗುವ ಮಾತು ಬಂದದ್ದು ಸರ್ಕಾರದಿಂದಲ್ಲ, ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ಪ್ರಾಧ್ಯಾಪಕರಿಂದ. ರಿಚರ್ಡ್ ಲಾರಿಕ್ ಮತ್ತು ಜ್ಯಾಕ್ ಸೋಲ್ 2008ರ ಜೂನಿನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಬರೆದರು. ಗ್ಯಾಲನ್ನಿಗೆ ಎಷ್ಟು ಮೈಲಿ ಎಂಬ ಅಂಕಿಯೇ ಜನರ ದಾರಿ ತಪ್ಪಿಸುತ್ತದೆ ಎಂಬುದು ಅವರ ವಾದ. ವರ್ಷಕ್ಕೆ 10,000 ಮೈಲಿ ಓಡಿಸುವ ಮನೆಯನ್ನು ತೆಗೆದುಕೊಳ್ಳಿ. 10 ಮೈಲಿ ಕೊಡುವ ಗಾಡಿ ಬಿಟ್ಟು 20ರದ್ದು ತಂದರೆ ಸಾವಿರ ಗ್ಯಾಲನ್ ಐನೂರಾಗುತ್ತದೆ. 25ರದ್ದು ಬಿಟ್ಟು 50ರದ್ದು ತಂದರೆ ನಾನೂರು ಗ್ಯಾಲನ್ ಇನ್ನೂರಾಗುತ್ತದೆ. ಎರಡನೆಯದು ಕೇಳಲು ದೊಡ್ಡ ನೆಗೆತ. ಉಳಿತಾಯ ಮೊದಲನೆಯದರ ಅರ್ಧವೂ ಅಲ್ಲ. ಈ ವಾದ ನಾಟಿತು. 2013ರ ಮಾದರಿಯ ಕಾರುಗಳಿಂದ ಷೋರೂಮಿನ ಕಿಟಕಿಗೆ ಅಂಟಿಸುವ ಸರ್ಕಾರಿ ಚೀಟಿಯಲ್ಲಿ ನೂರು ಮೈಲಿಗೆ ಎಷ್ಟು ಗ್ಯಾಲನ್ ಎಂಬುದೂ ಕಡ್ಡಾಯವಾಗಿ ಬಂತು. ಅದು ಚಿಕ್ಕ ಅಕ್ಷರದಲ್ಲಿದೆ. ಕೊಳ್ಳುವವರು ಮೊದಲು ಓದಬೇಕಾದದ್ದು ಅದನ್ನೇ.

ಇದನ್ನು ಮರ್ಫಿಗೆ ತಂದು ನೋಡಬಹುದು. ಡಾಲಸ್ ಡೌನ್‌ಟೌನಿಗೆ ಹೋಗಿಬರಲು ದಿನಕ್ಕೆ 50 ಮೈಲಿ ಎನ್ನೋಣ. ವರ್ಷಕ್ಕೆ 240 ದಿನ ಹೋದರೆ 12,000 ಮೈಲಿ. 20 ಮೈಲಿ ಕೊಡುವ ಹಳೇ ಎಸ್‌ಯುವಿಗೆ 600 ಗ್ಯಾಲನ್ ಬೇಕು. ಗ್ಯಾಲನ್ನಿಗೆ 3 ಡಾಲರ್ ಹಿಡಿದರೆ 1,800 ಡಾಲರ್. 50 ಮೈಲಿ ಕೊಡುವ ಹೈಬ್ರಿಡ್ ಆದರೆ 240 ಗ್ಯಾಲನ್, 720 ಡಾಲರ್. ವರ್ಷಕ್ಕೆ ಉಳಿದದ್ದು 1,080 ಡಾಲರ್, ತಿಂಗಳಿಗೆ 90.

ಈಗ ಆಚೆ ಬದಿ. ಹೊಸ ಹೈಬ್ರಿಡ್‌ಗೆ 30,000 ಡಾಲರ್, ಹಳೇ ಗಾಡಿಗೆ ಡೀಲರ್ ಕೊಟ್ಟದ್ದು 6,000 ಎಂದಿಟ್ಟುಕೊಂಡರೆ ಉಳಿದ 24,000ದ ಮೇಲೆ ಟೆಕ್ಸಸ್ ಶೇಕಡಾ 6.25ರಷ್ಟು ತೆರಿಗೆ ಹಾಕುತ್ತದೆ. ಅದು 1,500 ಡಾಲರ್. ಒಂದು ವರ್ಷ ನಾಲ್ಕೂವರೆ ತಿಂಗಳಿಗೂ ಹೆಚ್ಚಿನ ಉಳಿತಾಯ ಅಲ್ಲಿಗೇ ಹೋಯಿತು. ಆ 24,000ವನ್ನು ಶೇಕಡಾ 6.5ರ ಬಡ್ಡಿಗೆ ಐದು ವರ್ಷದ ಸಾಲ ಮಾಡಿದರೆ ಮೊದಲ ವರ್ಷದ ಬಡ್ಡಿಯೇ 1,400 ಡಾಲರ್ ಆಸುಪಾಸು. ಆ ವರ್ಷ ಪೆಟ್ರೋಲಿನಲ್ಲಿ ಉಳಿದದ್ದಕ್ಕಿಂತ ಬಡ್ಡಿಗೆ ಕೊಟ್ಟದ್ದು ಹೆಚ್ಚು: ಮೂಗಿಗಿಂತ ಮೂಗುತಿ ಭಾರ. ಇದರಲ್ಲಿ ಗಾಡಿಯ ಸವಕಳಿ ಇನ್ನೂ ಸೇರಿಲ್ಲ.

ಸವಕಳಿಯೇ ಎಲ್ಲಕ್ಕಿಂತ ದೊಡ್ಡ ಖರ್ಚು. ಅದಕ್ಕೆ ಯಾರೂ ಬಿಲ್ ಕಳಿಸುವುದಿಲ್ಲವಾದ್ದರಿಂದ ಮನೆಯ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದ ತೆರಿಗೆ ಇಲಾಖೆ ವ್ಯವಹಾರಕ್ಕೆ ಓಡಿಸಿದ ಗಾಡಿಗೆ ಮೈಲಿಗಿಷ್ಟು ಎಂದು ದರ ಗೊತ್ತುಮಾಡುತ್ತದೆ. 2025ಕ್ಕೆ ಅದು 70 ಸೆಂಟ್ ಇತ್ತು. ಅದರಲ್ಲಿ 33 ಸೆಂಟ್ ಸವಕಳಿಯ ಪಾಲು ಎಂದು ಇಲಾಖೆಯೇ ಹೇಳಿತ್ತು. ವಾಹನ ಸವಾರರ ಸಂಸ್ಥೆಯಾದ ಟ್ರಿಪಲ್ ಎ 2024ರಲ್ಲಿ ಹೊಸ ಕಾರು ಇಟ್ಟುಕೊಳ್ಳುವ ವಾರ್ಷಿಕ ಖರ್ಚು 12,297 ಡಾಲರ್ ಎಂದು ಲೆಕ್ಕ ಹಾಕಿತು. ಅದರಲ್ಲೂ ಮೊದಲ ಸ್ಥಾನ ಸವಕಳಿಗೇ. ಬಂಕಿನ ಬೋರ್ಡು ಊರಿಗೆಲ್ಲ ಕಾಣುತ್ತದೆ; ಗಾಡಿಯ ಬೆಲೆ ಇಳಿಯುವುದು ಗರಾಜಿನ ಬಾಗಿಲ ಹಿಂದೆ.

ಹಾಗೆಂದು ಎಂದೂ ಬದಲಿಸಬಾರದು ಎಂದಲ್ಲ. ಅದೇ ದಾರಿಗೆ 12 ಮೈಲಿ ಕೊಡುವ ದೊಡ್ಡ ಪಿಕಪ್ ಓಡಿಸುವವರಿಗೆ ಸಾವಿರ ಗ್ಯಾಲನ್ ಬೇಕು. ಹೈಬ್ರಿಡ್‌ಗೆ ಹೋದರೆ ವರ್ಷಕ್ಕೆ 2,280 ಡಾಲರ್ ಉಳಿಯುತ್ತದೆ, ಅದು ಸಣ್ಣ ಮೊತ್ತವಲ್ಲ. 20 ಮೈಲಿಯ ಗಾಡಿ ಬಿಟ್ಟು ನಾಲ್ಕೈದು ವರ್ಷ ಹಳೆಯದಾದ, 35 ಮೈಲಿ ಕೊಡುವ ಸೆಕೆಂಡ್ ಹ್ಯಾಂಡ್ ಸೆಡಾನ್ ಕೊಂಡರೂ ವರ್ಷಕ್ಕೆ 770 ಡಾಲರ್ ಉಳಿಯುತ್ತದೆ. ಹೈಬ್ರಿಡ್ ಉಳಿಸುವುದರ ನೂರಕ್ಕೆ ಎಪ್ಪತ್ತು ಭಾಗ, ಅದಕ್ಕಿಂತ ತುಂಬಾ ಕಡಿಮೆ ಬೆಲೆಗೆ. ಮೊದಲು ಬಂದವರು ಹೊಸಬರಿಗೆ ಹೇಳುತ್ತಿದ್ದ ‘ಹಳೇ ಕೊರೊಲಾ ತಗೋ’ ಎಂಬ ಮಾತಿಗೆ ಲಾರಿಕ್–ಸೋಲ್ ಗಣಿತದ ಬಲವೂ ಇದೆ.

ಟೋಲಿನ ವಿಷಯ ಬೇರೆಯೇ. ಡಾಲಸ್ ನಾರ್ತ್ ಟೋಲ್‌ವೇ 1968ರಲ್ಲಿ ತೆರೆಯಿತು. 1989ರಲ್ಲಿ ಅಲ್ಲಿ ಬಂದ ಟೋಲ್‌ಟ್ಯಾಗ್ ಅಮೆರಿಕದ ಮೊದಮೊದಲಿನವುಗಳಲ್ಲಿ ಒಂದು. ಗಾಜಿಗೆ ಅಂಟಿಸಿದ ಚೀಟಿಯಿಂದ ದುಡ್ಡು ತಾನೇ ಕಡಿತವಾಗುವುದರಿಂದ ಕೈಯಿಂದ ಹೋದದ್ದು ಗೊತ್ತಾಗುವುದಿಲ್ಲ. ಮರ್ಫಿಯ ದಕ್ಷಿಣಕ್ಕೆ ಹಾಯುವ ಜಾರ್ಜ್ ಬುಷ್ ಟರ್ನ್‌ಪೈಕೂ ಟೋಲ್ ರಸ್ತೆಯೇ. ದರ ಎರಡು ವರ್ಷಕ್ಕೊಮ್ಮೆ ಏರುತ್ತದೆ. ದಿನಕ್ಕೆ 5 ಡಾಲರ್ ಟೋಲ್ ಕಟ್ಟುವವರಿಗೆ 240 ದಿನಕ್ಕೆ 1,200 ಡಾಲರ್ ಆಯಿತು. ಗಾಡಿ ಹೈಬ್ರಿಡ್ ಆದರೂ ಪಿಕಪ್ ಆದರೂ ಅಷ್ಟೇ. ಇಪ್ಪತ್ತು ನಿಮಿಷ ಮುಂಚೆ ಹೊರಟು ಸರ್ವಿಸ್ ರಸ್ತೆ ಹಿಡಿದರೆ ಹೊಸ ಕಾರು ಕೊಡುವುದಕ್ಕಿಂತ ಹೆಚ್ಚು ಉಳಿಯುವ ಮನೆಗಳಿವೆ.

ಕರೆಂಟ್ ಗಾಡಿಯವರಿಗೆ ಟೆಕ್ಸಸ್ ಇನ್ನೊಂದು ಶುಲ್ಕ ಇಟ್ಟಿದೆ. 2023ರ ಸೆಪ್ಟೆಂಬರ್ 1ರಿಂದ ವರ್ಷಕ್ಕೆ 200 ಡಾಲರ್. ಹೊಸ ಗಾಡಿಯ ಮೊದಲ ನೋಂದಣಿಗೆ ಎರಡು ವರ್ಷದ್ದು ಸೇರಿಸಿ 400. ಪೆಟ್ರೋಲಿನ ಮೇಲೆ ರಾಜ್ಯದ ತೆರಿಗೆ 1991ರಿಂದ ಗ್ಯಾಲನ್ನಿಗೆ 20 ಸೆಂಟಿನಲ್ಲೇ ನಿಂತಿದೆ. ಅಂದರೆ 200 ಡಾಲರ್ ಎಂಬುದು ಸಾವಿರ ಗ್ಯಾಲನ್ನಿನ ತೆರಿಗೆ. 25 ಮೈಲಿ ಕೊಡುವ ಪೆಟ್ರೋಲ್ ಕಾರು ಅಷ್ಟು ಕಟ್ಟಬೇಕಾದರೆ ವರ್ಷಕ್ಕೆ 25,000 ಮೈಲಿ ಓಡಬೇಕು. ರಸ್ತೆಯ ಖರ್ಚಿಗೆ ಎಲ್ಲರೂ ಪಾಲು ಕೊಡಬೇಕೆಂಬುದು ನ್ಯಾಯವೇ, ಆದರೆ ಈ ಪಾಲು ಅಳತೆ ಮೀರಿದೆ. ಹೊಸ ಕರೆಂಟ್ ಗಾಡಿಗೆ 7,500, ಹಳೆಯದಕ್ಕೆ 4,000 ಡಾಲರ್‌ವರೆಗೆ ಇದ್ದ ಕೇಂದ್ರದ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆಸ್ಟಿನ್‌ನ ಪೂರ್ವದಲ್ಲಿ ಟೆಸ್ಲಾದ ದೊಡ್ಡ ಕಾರ್ಖಾನೆ ನಡೆಯುತ್ತಿರುವ ರಾಜ್ಯದಲ್ಲೇ ಈ ಲೆಕ್ಕ ಇಷ್ಟು ಬಿಗಿಯಾಗಿದೆ.

ಕೆಲವೊಮ್ಮೆ ತೀರ್ಮಾನ ಆಕಾಶದಿಂದಲೇ ಬೀಳುತ್ತದೆ. 2016ರ ಏಪ್ರಿಲ್ 11ರಂದು ಪಕ್ಕದ ವೈಲಿ ಊರಿನ ಮೇಲೆ ಬಿದ್ದ ಆಲಿಕಲ್ಲು ಸಾವಿರಾರು ಚಾವಣಿಗಳನ್ನೂ ಕಾರಿನ ಗಾಜುಗಳನ್ನೂ ಒಡೆಯಿತು. ಉತ್ತರ ಟೆಕ್ಸಸ್‌ನಲ್ಲಿ ವಸಂತ ಬಂದರೆ ಆಲಿಕಲ್ಲಿನ ಭಯ ಇದ್ದದ್ದೇ. ಹಳೇ ಗಾಡಿಗೆ ಪೂರ್ಣ ವಿಮೆ ಬಿಟ್ಟು ದುಡ್ಡು ಉಳಿಸಿದವರು ಅಂಥ ದಿನ ಎಲ್ಲವನ್ನೂ ತಾವೇ ಭರಿಸಬೇಕು. ಸಾಲದ ಮೇಲೆ ಹೊಸದು ಕೊಂಡವರಿಗೆ ಪೂರ್ಣ ವಿಮೆ ಬಿಡುವ ಅವಕಾಶವೇ ಇಲ್ಲ. ಅದರ ಕಂತನ್ನೂ ತಿಂಗಳ 90 ಡಾಲರ್ ಉಳಿತಾಯದಿಂದ ಕಳೆಯಬೇಕು.

ಕನ್ನಡ ಮನೆಗಳಲ್ಲಿ ಈ ಲೆಕ್ಕಕ್ಕೆ ಇನ್ನೊಂದು ಸಾಲು ಸೇರುತ್ತದೆ: ವೀಸಾ. ಎಚ್1ಬಿ ಮೇಲೆ ಇದ್ದು ಗ್ರೀನ್ ಕಾರ್ಡಿನ ಸರದಿಯಲ್ಲಿ ವರ್ಷಗಟ್ಟಲೆ ಕಾಯುವವರು 72 ತಿಂಗಳ ಕಾರು ಸಾಲಕ್ಕೆ ಸಹಿ ಹಾಕುವಾಗ ಕೆಲಸ ಹೋದರೆ ಅರವತ್ತು ದಿನದಲ್ಲಿ ಏನು ಮಾಡುವುದೆಂದು ಯೋಚಿಸಲೇಬೇಕು. ಆಗ ಸಾಲವಿಲ್ಲದ ಹಳೇ ಗಾಡಿಯ ಬೆಲೆ ಯಾವ ಚೀಟಿಯಲ್ಲೂ ಬರೆಯದಷ್ಟು. ಹಾಗಿದ್ದೂ ಹೊಸ ಗಾಡಿ ಬಂದ ದಿನದ ಸಂಭ್ರಮ ದೊಡ್ಡದೇ. ದೇವಸ್ಥಾನದ ಪಾರ್ಕಿಂಗ್ ಜಾಗದಲ್ಲಿ ಬಾನೆಟ್ಟಿಗೆ ಅರಿಸಿನ ಕುಂಕುಮ, ನಾಲ್ಕು ಚಕ್ರದಡಿ ನಾಲ್ಕು ನಿಂಬೆಹಣ್ಣು ಇಟ್ಟು ಪೂಜೆಯಾಗುತ್ತದೆ. ಅರ್ಚಕರು ‘ನಿಧಾನವಾಗಿ ಮುಂದಕ್ಕೆ ತಗೊಳ್ಳಿ’ ಎಂದಾಗ ಹಣ್ಣು ಪಚಕ್ಕೆಂದು ಒಡೆಯುತ್ತದೆ. ಕಾರು ಬರೀ ಖರ್ಚಿನ ಬಾಬತ್ತಲ್ಲ, ಹೊರನಾಡಿನಲ್ಲಿ ನೆಲೆ ನಿಂತ ಗುರುತು ಎಂಬುದನ್ನೂ ಒಪ್ಪಬೇಕು. ಟೊಯೊಟಾದ ಅಮೆರಿಕದ ಮುಖ್ಯ ಕಚೇರಿ 2017ರಿಂದ ಮರ್ಫಿಯ ಪಕ್ಕದ ಪ್ಲೇನೋದಲ್ಲಿದೆ. ಅದೇ ಕಂಪನಿಯ ಬಿಡದಿ ಕಾರ್ಖಾನೆಯಿಂದ 1999ರ ಕೊನೆಗೆ ಕ್ವಾಲಿಸ್ ಹೊರಬಂದದ್ದನ್ನು ಕಂಡವರ ಮಕ್ಕಳು ಇಲ್ಲಿ ಕ್ಯಾಮ್ರಿ ಓಡಿಸುತ್ತಿದ್ದಾರೆ.

2025ರ ಅಕ್ಟೋಬರಿನಲ್ಲಿ ಡಾರ್ಟ್‌ನ ಸಿಲ್ವರ್ ಲೈನ್ ಓಡತೊಡಗಿತು. ಅದು ಹೆಚ್ಚಾಗಿ ಹಿಂದಿನ ಕಾಟನ್ ಬೆಲ್ಟ್ ಹಳಿಯ ಹಾದಿಯನ್ನೇ ಹಿಡಿದ ರೈಲು. ಪ್ಲೇನೋದ ಪೂರ್ವದ ಶೈಲೋ ರೋಡ್ ನಿಲ್ದಾಣದಿಂದ ಹೊರಟು ಸಿಟಿಲೈನ್, ಡಾಲಸ್‌ನ ಟೆಕ್ಸಸ್ ವಿಶ್ವವಿದ್ಯಾಲಯ, ಅಡಿಸನ್, ಕ್ಯಾರೊಲ್ಟನ್ ದಾಟಿ ವಿಮಾನ ನಿಲ್ದಾಣ ಸೇರುತ್ತದೆ. 26 ಮೈಲಿಯ ಆ ಹಾದಿಯ ಪೂರ್ವದ ತುದಿ ಮರ್ಫಿಗೆ ಹತ್ತಿರವಾದರೂ ಊರೊಳಗೆ ಬರುವುದಿಲ್ಲ. ಡಾರ್ಟ್‌ಗೆ ಸೇರಲು ಊರು ತನ್ನ ಮಾರಾಟ ತೆರಿಗೆಯಲ್ಲಿ ಡಾಲರಿಗೆ ಒಂದು ಸೆಂಟ್ ಬಿಟ್ಟುಕೊಡಬೇಕು, ಸ್ಥಳೀಯ ತೆರಿಗೆಗೆ ರಾಜ್ಯ ಇಟ್ಟಿರುವ ಮಿತಿಯೇ ಎರಡು ಸೆಂಟ್. ಸಿಟಿಲೈನ್‌ನಲ್ಲೋ ವಿಶ್ವವಿದ್ಯಾಲಯದಲ್ಲೋ ಕೆಲಸ ಮಾಡುವ ಮರ್ಫಿಯವರಿಗೆ ಈಗ ನಿಲ್ದಾಣದವರೆಗೆ ಓಡಿಸಲು ಯಾವ ಹಳೇ ಗಾಡಿಯಾದರೂ ಸಾಕು. ಲೆಗಸಿಗೆ ಹೋಗುವವರಿಗೆ ಈ ರೈಲಿನಿಂದ ಹೆಚ್ಚೇನೂ ಬದಲಾಗಿಲ್ಲ.

ಅವರಲ್ಲಿ ಎರಡು ಗಾಡಿ ಇರುವ ಮನೆಗಳಿಗೆ ಒಂದು ಕಾಸೂ ಬೇಡದ ಬದಲಾವಣೆ ಇದೆ. ಗಂಡ 20 ಮೈಲಿಯ ಎಸ್‌ಯುವಿಯಲ್ಲಿ ದಿನಕ್ಕೆ 50 ಮೈಲಿ, ಹೆಂಡತಿ 32 ಮೈಲಿಯ ಸೆಡಾನಿನಲ್ಲಿ 16 ಮೈಲಿ ಹೋಗಿಬರುತ್ತಾರೆ ಎನ್ನೋಣ. ವರ್ಷಕ್ಕೆ 600 ಮತ್ತು 120, ಒಟ್ಟು 720 ಗ್ಯಾಲನ್. ಗಾಡಿಗಳನ್ನು ಅದಲುಬದಲು ಮಾಡಿಕೊಂಡರೆ 375 ಮತ್ತು 192, ಒಟ್ಟು 567. ತೆರಿಗೆಯಿಲ್ಲ, ಬಡ್ಡಿಯಿಲ್ಲ, ಡೀಲರಿನೊಡನೆ ಚೌಕಾಸಿಯಿಲ್ಲ. ವರ್ಷಕ್ಕೆ 459 ಡಾಲರ್ ಉಳಿಯಿತು. ಆದರೆ ಹೀಗಾಗಲು ಹೆಂಡತಿ ದೊಡ್ಡ ಗಾಡಿಯನ್ನು ಆಫೀಸಿನ ಇಕ್ಕಟ್ಟಿನ ಪಾರ್ಕಿಂಗ್‌ನಲ್ಲಿ ನಿಲ್ಲಿಸಬೇಕು, ಮಗುವಿನ ಸೀಟು ಒಂದರಿಂದ ಇನ್ನೊಂದಕ್ಕೆ ಹೋಗಬೇಕು, ಯಾವ ಗಾಡಿ ಯಾರದೆಂದು ವಿಮೆ ಕಂಪನಿಗೆ ತಿಳಿಸಬೇಕು. ‘ರೀ, ಸೋಮವಾರದಿಂದ ನೀವೇ ನನ್ನ ಗಾಡಿ ತಗೊಂಡು ಹೋಗಿ’ ಎಂದು ಒಬ್ಬರು ಹೇಳಿ ಇನ್ನೊಬ್ಬರು ಒಪ್ಪಿದರೆ, ಷೋರೂಮಿಗೆ ಹೋಗುವ ಮಾತನ್ನು ಮುಂದಿನ ವರ್ಷ ಎತ್ತಿಕೊಳ್ಳಬಹುದು.